ಓದುವ ವೇಳೆ, ಓದುವ ಬಗೆ



ಕಾಲೇಜಿನ ವಿದ್ಯಾರ್ಥಿಗಳೊಡನೆ ಬಳಕೆಯುಳ್ಳವರಿಗೆಲ್ಲ ಒಂದು ಮಾತು ಚೆನ್ನಾಗಿ ಪರಿಚಿತವಾದುದು: "ಓದುವುದಕ್ಕೆ ವೇಳೆ ಸಾಲದು." ಇದನ್ನು ಕೇಳಿದ ಹಿರಿಯರು ಸಾಮಾನ್ಯವಾಗಿ ನಕ್ಕುಬಿಡುತ್ತಾರೆ; ಇಲ್ಲವೆ, ಬೀದಿಯ ದೀಪದ ಕೆಳಗೆ ಓದಿ ಮುಂದೆ ಬಂದವರ ಕಥೆಯನ್ನು ತೆಗೆಯುತ್ತಾರೆ. ನಾವು ಇಂದು ಈ ಎರಡನ್ನೂ ಮಾಡತಕ್ಕವರಲ್ಲ. ಆ ಮಾತಿನಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಆಮೇಲೆ, ಇರುವ ವೇಳೆಯನ್ನು ಬಳಸಿಕೊಳ್ಳತಕ್ಕ ಬಗೆ ಯಾವುದೆಂದು ವಿಚಾರಮಾಡೋಣ.

ವಾರಕ್ಕೆ 168 ಗಂಟೆಗಳು. ಇದರಲ್ಲಿ ಅರಸನಿಗೂ ಆಳಿಗೂ ಭೇದವಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ನಿದ್ದೆಗೆ 56 ಗಂಟೆಗಳನ್ನು ಬಿಡೋಣ. ಕಾಲೇಜಿನ ಪಾಠಗಳಿಗೆ 30 ಗಂಟೆ. ಸ್ನಾನ, ಊಟ ಮುಂತಾದ ಅವಶ್ಯ ಕಾರ್ಯಗಳಿಗೆ 21 ಗಂಟೆ. ಇಷ್ಟನ್ನು ಕಳೆದರೆ 61 ಗಂಟೆಗಳು ಮಿಗುತ್ತವೆ. ಪಟ್ಟಣದಲ್ಲಿಯೇ ಮನೆಯಿದ್ದು, ಹೊತ್ತುಹೊತ್ತಿಗೆ ತಟ್ಟೆಯ ಮುಂದೆ ಕುಳಿತುಕೊಳ್ಳುವ ಭಾಗ್ಯವುಳ್ಳ ವಿದ್ಯಾರ್ಥಿಗೆ ಈ 61 ಗಂಟೆಗಳೂ ಸ್ವಂತವೇ. ಅಂಥವನು ವೇಳೆ ಸಾಲದೆಂದರೆ, ಆ ದೂರನ್ನು ನಾವು ಸ್ವಲ್ಪ ಸಂದೇಹದಿಂದಲೇ ಕೇಳಬಹುದು.

ಆದರೆ ಎಲ್ಲರ ಲೆಕ್ಕವೂ ಇಲ್ಲಿಗೆ ಮುಗಿಯುವುದಿಲ್ಲ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವವನಿಗೆ ವಾರಕ್ಕೆ 12 ಗಂಟೆಗಳು ದಾರಿಯಲ್ಲಿಯೇ ಕಳೆಯುತ್ತವೆಂದು ಇಟ್ಟುಕೊಳ್ಳಿ. ಅಡಿಗೆ, ನೀರು, ತಮ್ಮತಂಗಿಯರ ಆರೈಕೆ ಇವುಗಳಲ್ಲಿ ತಾಯಿಗೆ ನೆರವಾಗುವ ಹೆಣ್ಣುಮಗಳಿಗೆ ಇನ್ನು 14 ಗಂಟೆಗಳು ಹೋಗುತ್ತವೆ. ಸಂಜೆಯ ಹೊತ್ತು ಅಂಗಡಿಯಲ್ಲಿ ದುಡಿದು ಶುಲ್ಕವನ್ನು ಹೊಂದಿಸಿಕೊಳ್ಳುವವನಿಗೆ 24 ಗಂಟೆಗಳು. ಹೀಗೆ ಕಳೆಯುತ್ತ ಹೋದರೆ, ಒಬ್ಬನ ಕೈಯಲ್ಲಿ 61 ಗಂಟೆಗಳುಳಿದಾಗ ಮತ್ತೊಬ್ಬನ ಕೈಯಲ್ಲಿ 25 ಗಂಟೆಗಳೇ ಉಳಿಯಬಹುದು. ಪರೀಕ್ಷೆಯ ಪ್ರಶ್ನಪತ್ರಿಕೆಯಾದರೋ ಇಬ್ಬರಿಗೂ ಒಂದೇ. ಆದುದರಿಂದ, ವೇಳೆಯ ಬಳಕೆಯ ವಿಚಾರವು ಕೇವಲ ಶಿಸ್ತಿನ ವಿಚಾರವೆಂದು ನಾವು ಎಣಿಸಬಾರದು. ಇಪ್ಪತ್ತೈದು ಗಂಟೆಯವನು ಅರವತ್ತು ಗಂಟೆಯವನ ಸಮಕ್ಕೆ ನಿಲ್ಲಬೇಕಾದರೆ, ಅವನ ಒಂದೊಂದು ಗಂಟೆಯೂ ಹೆಚ್ಚಿನ ಫಲವನ್ನು ಕೊಡಬೇಕು. ಹಾಗೆ ಕೊಡುವ ಬಗೆಯೊಂದುಂಟೆ? ಉಂಟೆಂಬುದೇ ನಮ್ಮ ಇಂದಿನ ಉತ್ತರ.

ಮೊದಲು, ಕಲಿತದ್ದು ಹೇಗೆ ಸೋರಿಹೋಗುತ್ತದೆಂಬುದನ್ನು ತಿಳಿಯೋಣ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸರು 1885ರಲ್ಲಿ ಜ್ಞಾಪಕಶಕ್ತಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದವರೂ ಅವರೇ, ಪ್ರಯೋಗವನ್ನು ನಡೆಸಿದವರೂ ಅವರೇ. ಅರ್ಥವಿಲ್ಲದ ಉಚ್ಚಾರಗಳನ್ನು ಸಾಲುಸಾಲಾಗಿ ಬಾಯಿಪಾಠಮಾಡಿ, ಸ್ವಲ್ಪ ಕಾಲದ ಮೇಲೆ ಅದೇ ಸಾಲನ್ನು ಮತ್ತೆ ಕಲಿಯುವಾಗ ಮೊದಲಿನ ಶ್ರಮದಲ್ಲಿ ಎಷ್ಟು ಉಳಿತಾಯವಾಯಿತೆಂಬುದನ್ನು ಅವರು ಅಳೆದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಉಳಿತಾಯ ಸುಮಾರು ಶೇಕಡ 58. ಒಂದು ಗಂಟೆಯ ಮೇಲೆ ಶೇಕಡ 44. ಒಂದು ದಿನದ ಮೇಲೆ ಶೇಕಡ 34. 31 ದಿನಗಳ ಮೇಲೆ ಶೇಕಡ 21. ಇದೇ ಪ್ರಯೋಗವನ್ನು ಹಾಲೆಂಡಿನ ವಿದ್ವಾಂಸರು ಪುನಃ ಮಾಡಿ 2015ರಲ್ಲಿ ಪ್ರಕಟಿಸಿದಾಗ, ಫಲವು ಬಹುಮಟ್ಟಿಗೆ ಹಾಗೆಯೇ ಬಂದಿತು. ಅರ್ಥವುಳ್ಳ ಪಾಠವು ಇಷ್ಟು ಬೇಗ ಮರೆಯುವುದಿಲ್ಲವೆಂಬುದು ನಿಜ. ಆದರೂ ಮರೆವಿನ ನಡಗೆಯನ್ನು ಗಮನಿಸಬೇಕು. ಅದು ಮೊದಲ ದಿನವೇ ಬಹುಪಾಲನ್ನು ಕೊಳ್ಳೆ ಹೊಡೆದು, ಆಮೇಲೆ ನಿಧಾನವಾಗುತ್ತದೆ. ಸೋಮವಾರ ಕೇಳಿದ ಪಾಠವನ್ನು ಪರೀಕ್ಷೆಯ ಹಿಂದಿನ ವಾರದವರೆಗೆ ಮುಟ್ಟದೆ ಬಿಡುವವನು, ಅದನ್ನು ಒಂದು ಸಲ ಕಲಿತಿದ್ದರೂ ಬಹುಮಟ್ಟಿಗೆ ಹೊಸದಾಗಿಯೇ ಕಲಿಯಬೇಕಾಗುತ್ತದೆ. ವೇಳೆ ಸಾಲದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನು, ಓದುವ ಬಗೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದುವುದೆಂದರೆ ಪುಸ್ತಕವನ್ನು ತೆರೆದಿಟ್ಟು ಮತ್ತೆ ಮತ್ತೆ ಕಣ್ಣಾಡಿಸುವುದು, ಸಾಲುಗಳ ಕೆಳಗೆ ಬಣ್ಣದ ಗೆರೆಗಳನ್ನೆಳೆಯುವುದು ಎಂದು ತಿಳಿದಿದ್ದಾರೆ. ಮೂರನೆಯ ಸಲ ಓದುವಾಗ ಪುಟವು ಸುಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಅವರು ಜ್ಞಾನವೆಂದು ಬಗೆಯುತ್ತಾರೆ. ದಿನವೂ ಬೀದಿಯಲ್ಲಿ ಕಾಣುವ ಮುಖವು ಪರಿಚಿತವಾಗಿರಬಹುದು; ಆದರೆ ಆತನ ಹೆಸರೇನು, ಊರು ಯಾವುದು ಎಂದು ಕೇಳಿದರೆ ನಾವು ಬೆಪ್ಪಾಗುತ್ತೇವೆ. ಪರೀಕ್ಷೆಯು ಕೇಳುವುದು ಹೆಸರನ್ನೂ ಊರನ್ನೂ, ಮುಖದ ಪರಿಚಯವನ್ನಲ್ಲ.

ಈ ವಿಷಯದಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಬೋಧಪ್ರದವಾಗಿದೆ. ಕಾಲೇಜಿನ ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದುವಂತೆ ಹೇಳಿದರು. ಮತ್ತೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕವಿಲ್ಲದೆ, ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷ ಕಳೆದು ಪರೀಕ್ಷಿಸಿದಾಗ ಓದಿದವರೇ ಮೇಲಾದರು: ಅವರಿಗೆ ಶೇಕಡ 83, ಬರೆದವರಿಗೆ 71. ಆದರೆ ಒಂದು ವಾರದ ಮೇಲೆ ಪರೀಕ್ಷಿಸಿದಾಗ, ನಾಲ್ಕು ಸಲ ಓದಿದವರಲ್ಲಿ ಶೇಕಡ 40 ಮಾತ್ರ ಉಳಿದಿತ್ತು. ನೆನೆದು ಬರೆದವರಲ್ಲಿ 61 ಉಳಿದಿತ್ತು. ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುವುದೆಂದು ಹೆಚ್ಚು ಭರವಸೆಯಿಂದ ಹೇಳಿದವರು ನಾಲ್ಕು ಸಲ ಓದಿದವರೇ!

ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಬಹಳ ಹೊತ್ತು ಓದಿದ ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ತಪ್ಪಿದನೆನ್ನೋಣ. ಅವನು ಸೋಮಾರಿಯಲ್ಲ, ರಾತ್ರಿಗಳನ್ನು ಕಳೆದವನು. ಆದ್ದರಿಂದಲೇ ಅವನು ತನ್ನಲ್ಲಿ ಏನೆಂದುಕೊಳ್ಳುತ್ತಾನೆ? "ಇಷ್ಟು ಓದಿಯೂ ಬರಲಿಲ್ಲ, ನನ್ನ ತಲೆಯೇ ಇಷ್ಟು" ಎಂದುಕೊಳ್ಳುತ್ತಾನೆ. ಮನೆಯಲ್ಲಿ ಅವನಿಗೆ ಮೊದಲು ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ಯಾರೂ ಇಲ್ಲದಿದ್ದರೆ, ಮನೆಯವರೂ ಹಾಗೆಯೇ ನಂಬುತ್ತಾರೆ. ಮುಂದಿನ ವರ್ಷ ಅವನ ಹೆಸರು ಹಾಜರಿಯ ಪುಸ್ತಕದಲ್ಲಿರುವುದಿಲ್ಲ. ದೋಷವಿದ್ದುದು ಓದಿದ ಬಗೆಯಲ್ಲಿ. ದಂಡ ಬಿದ್ದುದು ಒಂದು ಬಾಳಿನ ಮೇಲೆ. ಈ ಅನ್ಯಾಯವನ್ನು ತಪ್ಪಿಸುವುದಕ್ಕೆ ಹಣ ಬೇಕಿಲ್ಲ. ಒಂದು ಬಿಳಿಯ ಹಾಳೆ ಸಾಕು.

ಈ ಬಗೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. "ಪಾಠ ಒಪ್ಪಿಸುವುದು" ಎಂಬ ಮಾತು ಕನ್ನಡದಲ್ಲಿ ಹಳೆಯದು. ವೇದಾಧ್ಯಯನದಲ್ಲಿ ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಲವು ರೀತಿಯಲ್ಲಿ ಹೇಳಿ ಒಪ್ಪಿಸುತ್ತಿದ್ದರು. ಊರ ಶಾಲೆಗಳಲ್ಲಿ ಸಂಜೆ ಮಗ್ಗಿಯನ್ನು ಒಪ್ಪಿಸದೆ ಮಕ್ಕಳು ಮನೆಗೆ ಹೋಗುವಂತಿರಲಿಲ್ಲ. ಕಾಲೇಜಿಗೆ ಬಂದೊಡನೆ ಒಪ್ಪಿಸಿಕೊಳ್ಳುವವರು ಇಲ್ಲವಾಗುತ್ತಾರೆ. ಆದ್ದರಿಂದ ಕಾಲೇಜಿನ ವಿದ್ಯಾರ್ಥಿಯು ತನ್ನ ಪಾಠವನ್ನು ತನಗೆ ತಾನೇ ಒಪ್ಪಿಸಬೇಕು. ಹಾಗಾದರೆ ಇದು ಬರಿಯ ಉರುಹೊಡೆಯುವಿಕೆಯಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲ. ಉರುಹೊಡೆಯುವವನು ಪುಸ್ತಕದ ಮಾತನ್ನು ಪುಸ್ತಕದ ಕ್ರಮದಲ್ಲಿಯೇ ಹೇಳುತ್ತಾನೆ. ನಾವು ಹೇಳುವ ಬಗೆಯಲ್ಲಿ, ಪುಸ್ತಕವನ್ನು ಮುಚ್ಚಿ, ತನ್ನ ಮಾತಿನಲ್ಲಿ, ಕಾರಣಸಹಿತವಾಗಿ ಹೇಳಬೇಕು. ಅರ್ಥವಾಗದಿದ್ದ ಜಾಗಕ್ಕೆ ಬಂದೊಡನೆ ಲೇಖನಿ ತಾನಾಗಿಯೇ ನಿಲ್ಲುತ್ತದೆ. ಹಾಗೆ ನಿಂತ ಜಾಗವೇ ಮರುದಿನ ಅಧ್ಯಾಪಕರನ್ನು ಕೇಳತಕ್ಕ ಪ್ರಶ್ನೆ.

ಕನ್ನಡದಲ್ಲಿ ಶಾಲೆಯನ್ನು ಮುಗಿಸಿ, ಕಾಲೇಜಿನಲ್ಲಿ ಇಂಗ್ಲಿಷಿನ ಮೂಲಕ ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುವವರಿಗೆ ಇಲ್ಲಿ ಒಂದು ವಿಶೇಷ ಸೂಚನೆ. ಅವರ ಭಾರ ಇಮ್ಮಡಿ: ವಿಷಯವೂ ಹೊಸದು, ಭಾಷೆಯೂ ಹೊಸದು. ಎರಡನ್ನೂ ಒಂದೇ ಏಟಿಗೆ ಹಿಡಿಯಲು ಹೋಗಿ, ವಾಕ್ಯಗಳನ್ನು ಗಟ್ಟಿಮಾಡಿ ಅರ್ಥವನ್ನು ಬಿಟ್ಟುಬಿಡುವುದುಂಟು. ಮೊದಲು ವಿಷಯವನ್ನು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳಲಿ. ಪಾರಿಭಾಷಿಕ ಶಬ್ದಗಳು ಮಾತ್ರ ಇಂಗ್ಲಿಷಿನಲ್ಲಿರಲಿ. ವಿಷಯವು ಕೈವಶವಾದ ಮೇಲೆ ಅದನ್ನೇ ಐದಾರು ಸರಳವಾದ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ಎರಡು ಸಲ ಹೇಳಿದಂತಾಯಿತು. ಆ ಎರಡನೆಯ ಸಲವು ವ್ಯರ್ಥವೂ ಅಲ್ಲ, ಏಕೆಂದರೆ ಅದೂ ಒಪ್ಪಿಸುವಿಕೆಯೇ.

ಒಪ್ಪಿಸುವುದನ್ನು ಯಾವಾಗ ಮಾಡಬೇಕು? ಎಬಿಂಗ್‌ಹೌಸರ ಗ್ರಂಥದಲ್ಲಿಯೇ ಇದಕ್ಕೆ ಉತ್ತರವುಂಟು. ಹನ್ನೆರಡು ಉಚ್ಚಾರಗಳ ಸಾಲನ್ನು ಒಂದೇ ಪಟ್ಟಿಗೆ 68 ಸಲ ಹೇಳಿಕೊಂಡು ಪಡೆದ ಫಲವನ್ನು, ಮೂರು ದಿನಗಳಲ್ಲಿ ಹಂಚಿ ಹೇಳಿಕೊಂಡಾಗ 38 ಸಲದಲ್ಲಿಯೇ ಪಡೆಯಲು ಸಾಧ್ಯವಾಯಿತು. ಹದವರಿತು ಬಿಟ್ಟುಬಿಟ್ಟು ಬೀಳುವ ಮಳೆಯನ್ನು ಭೂಮಿ ಕುಡಿಯುತ್ತದೆ. ಒಂದೇ ರಾತ್ರಿ ಸುರಿದ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಕೇಳಿದ ಪಾಠವನ್ನು ಅದೇ ಸಂಜೆ ಹತ್ತು ನಿಮಿಷ, ಮೂರನೆಯ ದಿನ ಹತ್ತು ನಿಮಿಷ, ವಾರದ ಮೇಲೆ ಹತ್ತು ನಿಮಿಷ, ತಿಂಗಳ ಮೇಲೆ ಹತ್ತು ನಿಮಿಷ ಒಪ್ಪಿಸಿದರೆ ಆಗುವುದು ನಲವತ್ತು ನಿಮಿಷ. ಪರೀಕ್ಷೆಯ ಮುಂದೆ ಅದೇ ಪಾಠಕ್ಕಾಗಿ ಒಂದು ಇಡೀ ರಾತ್ರಿಯನ್ನು ಕೆಡಿಸುವುದಕ್ಕಿಂತ ಇದು ಅಗ್ಗ. ಹತ್ತು ನಿಮಿಷಗಳ ಕೆಲಸಕ್ಕೆ ಮೇಜು ಬೇಕಿಲ್ಲ, ಏಕಾಂತವೂ ಬೇಕಿಲ್ಲ. ಬಸ್ಸಿನಲ್ಲಿ ನಿಂತುಕೊಂಡೂ, ಒಲೆಯ ಮುಂದೆ ಕುಳಿತುಕೊಂಡೂ ಮನಸ್ಸಿನಲ್ಲಿ ಒಪ್ಪಿಸಬಹುದು. ಇಪ್ಪತ್ತೈದು ಗಂಟೆಯವನಿಗೆ ಈ ಚೂರುಗಳಿಂದಲೇ ಇನ್ನಷ್ಟು ಗಂಟೆಗಳು ದೊರೆಯುತ್ತವೆ.

ಇನ್ನು ವೇಳಾಪಟ್ಟಿಯ ಮಾತು. ವರ್ಷಾರಂಭದಲ್ಲಿ ಅಂದವಾದ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿ, ಎಂಟು ದಿನಗಳಲ್ಲಿ ಅದನ್ನು ಮರೆಯುವುದು ವಿದ್ಯಾರ್ಥಿಗಳಲ್ಲಿ ವಾಡಿಕೆ. ಇದು ಬರಿಯ ಆರಂಭಶೂರತ್ವವಲ್ಲ. ಕೆಲಸಕ್ಕೆ ಬೇಕಾಗುವ ಕಾಲವನ್ನು ಕಡಮೆಯಾಗಿ ಅಂದಾಜುಮಾಡುವುದು ಮನುಷ್ಯಸ್ವಭಾವ. ಕೆನಡಾದಲ್ಲಿ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಎಷ್ಟು ದಿನಗಳಲ್ಲಿ ಮುಗಿಸುವಿರೆಂದು ಕೇಳಿದಾಗ ಅವರ ಅಂದಾಜು ಸರಾಸರಿ 33.9 ದಿನಗಳಾಗಿತ್ತು, ನಿಜವಾಗಿ ಹಿಡಿದುದು 55.5 ದಿನಗಳು. ಈ ಶೋಧನೆ 1994ರಲ್ಲಿ ಪ್ರಕಟವಾಯಿತು. ಆದುದರಿಂದ ಪಟ್ಟಿಯಲ್ಲಿ ಪ್ರತಿ ಗಂಟೆಯನ್ನೂ ತುಂಬಬಾರದು. ಮೂರರಲ್ಲಿ ಒಂದು ಪಾಲನ್ನು ಖಾಲಿ ಬಿಟ್ಟರೆ, ನೆಂಟರು ಬಂದ ದಿನ, ಜ್ವರ ಬಂದ ದಿನ, ಬಸ್ಸು ತಪ್ಪಿದ ದಿನ ಉಂಟಾದ ಕೊರತೆಯನ್ನು ಆ ಖಾಲಿ ಪಾಲು ತುಂಬುತ್ತದೆ. ಪಟ್ಟಿಯೂ ಉಳಿಯುತ್ತದೆ, ಉತ್ಸಾಹವೂ ಉಳಿಯುತ್ತದೆ. ಇದಲ್ಲದೆ, "ಬುಧವಾರ, ಅರ್ಥಶಾಸ್ತ್ರ" ಎಂದು ಬರೆದರೆ ಪ್ರಯೋಜನವಿಲ್ಲ. "ಬುಧವಾರ ಆರು ಗಂಟೆಗೆ, ಬೇಡಿಕೆಯ ನಿಯಮವನ್ನು ಪುಸ್ತಕವಿಲ್ಲದೆ ವಿವರಿಸಿ, ರೇಖಾಚಿತ್ರವನ್ನು ಬರೆಯುವುದು" ಎಂದು ಬರೆಯಬೇಕು. ಮಾಡತಕ್ಕ ಕೆಲಸವು ಸ್ಪಷ್ಟವಾಗಿದ್ದರೆ ಕುಳಿತೊಡನೆ ಕೈ ಹತ್ತುತ್ತದೆ.

ಕುಳಿತ ಮೇಲೆ ಎದ್ದೇಳಿಸುವ ಶತ್ರುಗಳು ಹಲವರು. ಈಗಿನ ಕಾಲದಲ್ಲಿ ಅವರೆಲ್ಲರಿಗೂ ದಳಪತಿ ಮೊಬೈಲು. ಅದನ್ನು ಬೈದು ಫಲವಿಲ್ಲ. ಅದರಿಂದ ಉಪಕಾರವೂ ಉಂಟು. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ. ಒಂದೇ ಕೋಣೆಯ ಮನೆಯಾದರೆ ತಾಯಿಯ ವಶದಲ್ಲಿರಲಿ. ಅರ್ಧ ಗಂಟೆಯ ಏಕಾಗ್ರತೆ, ಐದು ನಿಮಿಷಗಳ ವಿರಾಮ, ಮತ್ತೆ ಅರ್ಧ ಗಂಟೆ ಎಂಬ ಕ್ರಮವು ಬಹುಮಂದಿಗೆ ಒಗ್ಗುತ್ತದೆ.

ನಿದ್ದೆಯನ್ನು ಕದ್ದು ಓದುವುದು ಸಾಹಸವೆಂಬ ನಂಬಿಕೆಯೊಂದುಂಟು. ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು 1924ರಲ್ಲಿಯೇ, ಕಲಿತು ಮಲಗಿದವರಲ್ಲಿ ನೆನಪು ಹೆಚ್ಚಾಗಿ ಉಳಿಯುತ್ತದೆ, ಕಲಿತು ಎಚ್ಚರವಾಗಿಯೇ ಇದ್ದವರಲ್ಲಿ ಅದು ಬೇಗ ಅಳಿಯುತ್ತದೆ ಎಂದು ತೋರಿಸಿದರು. ಆಮೇಲೆ ನಡೆದ ಅನೇಕ ಶೋಧನೆಗಳೂ ಇದನ್ನೇ ಸಮರ್ಥಿಸಿವೆ. ನಿದ್ದೆಯು ಓದಿನಿಂದ ಕದ್ದ ಕಾಲವಲ್ಲ; ಓದಿನ ಕೊನೆಯ ಭಾಗವೇ ಅದು. ಲೆಕ್ಕದ ಮೊದಲಿನಲ್ಲಿಯೇ ನಾವು 56 ಗಂಟೆಗಳನ್ನು ಅದಕ್ಕೆ ಬಿಟ್ಟುದು ಔದಾರ್ಯಕ್ಕಾಗಿ ಅಲ್ಲ.

ಈಗ ಕೇಳುತ್ತಿರುವ ತಾಯಿತಂದೆಗಳಲ್ಲಿಯೂ ಒಂದು ವಿಜ್ಞಾಪನೆ. ಮಗನು ಎಷ್ಟು ಹೊತ್ತು ಪುಸ್ತಕದ ಮುಂದೆ ಕುಳಿತನೆಂಬುದನ್ನು ಎಣಿಸಬೇಡಿ. ಊಟದ ಹೊತ್ತಿನಲ್ಲಿ, "ಇವೊತ್ತು ಏನು ಕಲಿತೆ, ನಮಗೂ ಹೇಳು" ಎಂದು ಕೇಳಿ. ನೀವು ಕಾಲೇಜನ್ನು ಕಂಡವರಾಗಿರಬೇಕೆಂಬ ನಿಯಮವಿಲ್ಲ. ನಿಮಗೆ ಅರ್ಥವಾಗುವಂತೆ ಹೇಳುವುದಕ್ಕೆ ಅವನು ಪಡುವ ಶ್ರಮವೇ ಅವನ ಲಾಭ. ಮಗಳ ವಿಷಯದಲ್ಲಿ ಇನ್ನೊಂದು ಮಾತು: ದಿನಕ್ಕೆ ಒಂದು ಗಂಟೆ ಅವಳನ್ನು ಯಾವ ಕೆಲಸಕ್ಕೂ ಕರೆಯದೆ ಇರುವುದನ್ನು ಮನೆಯ ಕಟ್ಟಳೆಯಾಗಿ ಮಾಡಿ. ಆ ಒಂದು ಗಂಟೆಯನ್ನು ಪಟ್ಟಿ ಬರೆದು ಅವಳೇ ಗಳಿಸಿಕೊಳ್ಳಲಾರಳು; ಅದನ್ನು ಕೊಡಬೇಕಾದವರು ನೀವು.

ವಿದ್ಯಾರ್ಥಿಮಿತ್ರರೇ, ನಾವು ಹೇಳಿದುದರಲ್ಲಿ ಎಲ್ಲವನ್ನೂ ನಾಳೆಯಿಂದಲೇ ಹಿಡಿಯಬೇಕೆಂದಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಒಂದು ಹಾಳೆಯನ್ನು ತೆಗೆದುಕೊಂಡು, ಈ ದಿನ ಕೇಳಿದ ಒಂದೇ ಒಂದು ಪಾಠವನ್ನು ಪುಸ್ತಕವಿಲ್ಲದೆ ಬರೆಯಿರಿ. ಐದು ಸಾಲೇ ಬಂದರೂ ಚಿಂತೆಯಿಲ್ಲ, ಅವು ನಿಮ್ಮವು. ಬಾರದೆ ಹೋದುದನ್ನು ಪುಸ್ತಕ ತೆರೆದು ನೋಡಿಕೊಂಡು, ದೀಪವನ್ನಾರಿಸಿ ನಿಶ್ಚಿಂತೆಯಿಂದ ಮಲಗಿರಿ. ಮೂರನೆಯ ದಿನ ಅದೇ ಪಾಠಕ್ಕೆ ಮತ್ತೊಂದು ಹಾಳೆ. ಆಗ ಎಷ್ಟು ಸಾಲುಗಳು ಬಂದುವೆಂಬುದನ್ನು ನೀವೇ ಎಣಿಸಿ ನೋಡಬಹುದು.