ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯೂ ಸಂಯುಕ್ತ ಪದವಿಯೂ

(ಶ್ರೀಮಠದ ವಿದ್ಯಾರ್ಥಿನಿಲಯದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಅಪ್ಪಣೆಯಾದಾಗ ನಾನು ಯಾವುದಾದರೊಂದು ಶಾಸ್ತ್ರವಿಷಯವನ್ನು ಆರಿಸಿಕೊಳ್ಳುವೆನೆಂದು ನೀವು ಭಾವಿಸಿದ್ದಿರಬಹುದು. ಆದರೆ ಕೆಲವು ವರ್ಷಗಳಿಂದ ನಿಲಯದ ಹುಡುಗರು ನನ್ನ ಕೊಠಡಿಯ ಬಾಗಿಲಿಗೆ ಬಂದು ಕೇಳುವ ಪ್ರಶ್ನೆ ಶಾಸ್ತ್ರದ್ದಲ್ಲ. “ಶಾಸ್ತ್ರಿಗಳೇ, ಪಿ.ಯು.ಸಿ. ಮುಗಿಯಿತು. ಹೈಸ್ಕೂಲು ಮಾಸ್ತರನಾಗಬೇಕೆಂದಿದ್ದೇನೆ. ಮುಂದೇನು ಓದಲಿ?” ಎಂಬುದೇ ಆ ಪ್ರಶ್ನೆ. ಇದಕ್ಕೆ ನಾನು ಒಮ್ಮೆ ಅರೆತಿಳಿವಿನಿಂದ ಉತ್ತರ ಕೊಟ್ಟೆನಾದುದರಿಂದ, ಇಂದು ತಿಳಿದು ಹೇಳುವುದು ನನ್ನ ಕರ್ತವ್ಯವಾಗಿರುತ್ತದೆ.

ಮೊದಲು ನನ್ನ ಅರ್ಹತೆಯ ವಿಷಯ. ನಾನು ಪಾಠಶಾಲೆಯಲ್ಲಿ ಓದಿದವನು. ಗುರುಗಳ ಎದುರು ಕುಳಿತು, ಅವರು ಹೇಳಿದುದನ್ನು ಕಂಠಸ್ಥ ಮಾಡಿ, ವಿದ್ವತ್ ಪರೀಕ್ಷೆ ಮುಗಿಸಿದೆನು. ಆ ಬಳಿಕ ಒಂದು ಪ್ರೌಢಶಾಲೆಗೆ ಉಪಾಧ್ಯಾಯನ ಕೆಲಸವನ್ನು ಬೇಡಿ ಹೋದೆನು. ಅಲ್ಲಿಯ ಗೃಹಸ್ಥರೊಬ್ಬರು ನನ್ನ ಪ್ರಶಸ್ತಿಪತ್ರವನ್ನು ಗೌರವದಿಂದಲೇ ಓದಿ, “ಸ್ವಾಮೀ, ನಿಮಗೆ ವಿದ್ಯೆ ಬರುತ್ತದೆ, ಸರಿ, ಕಲಿಸಲು ಬರುತ್ತದೆಂಬುದಕ್ಕೆ ಪತ್ರವೆಲ್ಲಿ?” ಎಂದರು. ನನಗೆ ಬಹಳ ಸಿಟ್ಟು ಬಂದಿತು. ವಿದ್ಯೆ ಬಲ್ಲವನಿಗೆ ಕಲಿಸಲು ಬಾರದೆ? ಈ ಸಿಟ್ಟನ್ನು ನಾನು ಇಪ್ಪತ್ತು ವರ್ಷಗಳಿಗೂ ಮೀರಿ ಹೊತ್ತು ತಿರುಗಿದೆನೆಂದು ಒಪ್ಪಿಕೊಳ್ಳಬೇಕಾಗಿದೆ.

ಪ್ರಕೃತ ವಿಷಯಕ್ಕೆ ಬರುವೆನು. ನಮ್ಮ ದೇಶದಲ್ಲಿ ಪ್ರೌಢಶಾಲೆಯ ಉಪಾಧ್ಯಾಯನಾಗಲು ಬಹುಕಾಲದಿಂದ ರೂಢಿಯಲ್ಲಿರುವ ದಾರಿ ಎರಡು ಹಂತದ್ದು. ಮೊದಲು ಬಿ.ಎ. ಅಥವಾ ಬಿ.ಎಸ್ಸಿ. ಪದವಿ, ಆಮೇಲೆ ಬಿ.ಎಡ್. ಮೊದಲು ಈ ಬಿ.ಎಡ್. ಒಂದು ವರ್ಷದ್ದಾಗಿದ್ದಿತು, 2014ರ ನಿಯಮಗಳಿಂದ ಅದು ಎರಡು ವರ್ಷದ್ದಾಯಿತು. ಮೂರು ವರ್ಷದ ಪದವಿಯೊಡನೆ ಅದನ್ನು ಕೂಡಿದರೆ ಐದು ವರ್ಷ. ಇನ್ನೊಂದು ದಾರಿಯೇ ಸಂಯುಕ್ತ ಪದವಿ. ಇದರಲ್ಲಿ ವಿಷಯಜ್ಞಾನವನ್ನೂ ಬೋಧನಕ್ರಮವನ್ನೂ ಮೊದಲಿನಿಂದಲೇ ಜೊತೆಯಾಗಿ ಕಲಿಸಿ, ನಾಲ್ಕು ವರ್ಷಗಳ ಕೊನೆಯಲ್ಲಿ ಪದವಿಯನ್ನೂ ಬೋಧನಾರ್ಹತೆಯನ್ನೂ ಒಟ್ಟಿಗೆ ಕೊಡುವರು. ಊಟದ ಖರ್ಚಿಗೂ ಲೆಕ್ಕವಿಡುವ ಮನೆಯಲ್ಲಿ ಒಂದು ವರ್ಷವೆಂದರೆ ಅಲ್ಪವಲ್ಲವೆಂಬುದನ್ನು ಇಲ್ಲಿ ಕುಳಿತಿರುವ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಹೊಸ ಕಲ್ಪನೆಯೆಂದು ಕೆಲವರು ತಿಳಿದಿರುವರು. ಹಾಗಲ್ಲ. 1952ರಲ್ಲಿ ನೇಮಕವಾದ ಮುದಲಿಯಾರ್ ಆಯೋಗವು ಪ್ರೌಢಶಿಕ್ಷಣವನ್ನು ವಿಚಾರಿಸಿ, ನಾನಾ ವಿಷಯಗಳನ್ನು ಕಲಿಸುವ ಬಹೂದ್ದೇಶ ಶಾಲೆಗಳು ಬೇಕೆಂದಿತು. ಅಂತಹ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಗೊಳಿಸುವ ನಿಮಿತ್ತ 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರು ಈ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳು ಹುಟ್ಟಿದವು. ನಮ್ಮ ಮೈಸೂರಿನಲ್ಲಿ ಮಾನಸಗಂಗೋತ್ರಿಯ ಬಳಿಯಿರುವ ಆ ಸಂಸ್ಥೆಗೆ ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರು. ಅದರ ಆವರಣದಲ್ಲಿಯೇ ಒಂದು ಶಾಲೆಯೂ ಇದೆ. ನಾಲ್ಕು ವರ್ಷದ ಸಂಯುಕ್ತ ಪದವಿಯು ನಮ್ಮ ನಾಡಿನಲ್ಲಿ ಅರವತ್ತು ವರ್ಷಗಳಷ್ಟು ಹಳೆಯದು. ನಮ್ಮ ಹಳ್ಳಿಗಳಿಗೆ ಅದರ ಸುದ್ದಿ ತಡವಾಗಿ ಮುಟ್ಟಿತು, ಅಷ್ಟೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, 2030ರ ಹೊತ್ತಿಗೆ ಶಾಲಾ ಉಪಾಧ್ಯಾಯರಿಗೆ ಇಂತಹ ನಾಲ್ಕು ವರ್ಷದ ಸಂಯುಕ್ತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿರುತ್ತದೆ. ಅದಕ್ಕನುಸಾರವಾಗಿ ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಪರಿಷತ್ತು 2021ರಲ್ಲಿ ಐ.ಟಿ.ಇ.ಪಿ. ಎಂಬ ಪಾಠಕ್ರಮಕ್ಕೆ ನಿಯಮಗಳನ್ನು ಹೊರಡಿಸಿತು. 2023ರಲ್ಲಿ ಅದು ಆಯ್ದ ಸಂಸ್ಥೆಗಳಲ್ಲಿ ಆರಂಭವಾಯಿತು. ಎಂಟು ಅರ್ಧವರ್ಷಗಳ ಈ ಓದಿನಲ್ಲಿ ಶಿಕ್ಷಣಶಾಸ್ತ್ರವೊಂದು, ಆರಿಸಿಕೊಂಡ ವಿಷಯವೊಂದು, ಎರಡೂ ಮುಖ್ಯವೇ. ಪ್ರವೇಶಕ್ಕೆ ಎನ್.ಸಿ.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆಯನ್ನು ಬರೆಯತಕ್ಕದ್ದು.

ಕಲಿಸುವುದನ್ನು ಕಲಿಯಬೇಕೆ ಎಂಬ ನನ್ನ ಹಳೆಯ ಸಿಟ್ಟು ಹೇಗೆ ಇಳಿಯಿತೆಂಬುದನ್ನು ಈಗ ಹೇಳುವೆನು. ಸಂಯುಕ್ತ ಪದವಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಬೋಧನಾಭ್ಯಾಸಕ್ಕಾಗಿ ನಮ್ಮ ಹತ್ತಿರದ ಪ್ರೌಢಶಾಲೆಗೆ ಬಂದಿದ್ದಳು. ವ್ಯಾಕರಣದ ಪಾಠವಿರುವುದೆಂದು ಮುಖ್ಯೋಪಾಧ್ಯಾಯರು ನನ್ನನ್ನೂ ಕರೆದರು. ತಪ್ಪು ಹಿಡಿಯಬೇಕೆಂದೇ ಹೋಗಿ ಹಿಂದೆ ಕುಳಿತೆನು. ಸವರ್ಣದೀರ್ಘ ಸಂಧಿಯ ಪಾಠ. ನಾನಾಗಿದ್ದರೆ ಮೊದಲು ಸೂತ್ರವನ್ನು ಹೇಳಿ ಹತ್ತು ಸಲ ಒಪ್ಪಿಸೆನ್ನುತ್ತಿದ್ದೆನು. ಆಕೆ ಸೂತ್ರದ ಮಾತೇ ಎತ್ತಲಿಲ್ಲ. ದೇವಾಲಯ, ವಿದ್ಯಾಭ್ಯಾಸ, ಗಿರೀಶ, ಗುರೂಪದೇಶ ಎಂಬ ಮಾತುಗಳನ್ನು ಹಲಗೆಯ ಮೇಲೆ ಬರೆದು, ಇವುಗಳನ್ನು ಒಡೆಯಿರಿ ಎಂದಳು. ಮಕ್ಕಳು ಒಡೆದರು. ಎಲ್ಲಿ ಏನು ಉದ್ದವಾಯಿತು ನೋಡಿರಿ ಎಂದಳು. ಅವರೇ ನೋಡಿ ಅವರೇ ನಿಯಮವನ್ನು ಹೇಳಿದರು. ನೀವೂ ಒಂದೊಂದು ಮಾತು ಕೊಡಿರಿ ಎಂದಾಗ ಕಡೆಯ ಬೆಂಚಿನ ಹುಡುಗನೊಬ್ಬನು ಎದ್ದು “ಮಹೋತ್ಸವ” ಎಂದನು. ಮಠದ ಹಂದರದ ಮೇಲೆ ಬರೆದುದನ್ನು ಓದಿದ್ದನೋ ಏನೋ. ಅದು ಗುಣಸಂಧಿ. ನಾನಾಗಿದ್ದರೆ “ತಪ್ಪು, ಕುಳಿತುಕೋ” ಎನ್ನುತ್ತಿದ್ದೆನು, ಆ ಹುಡುಗನು ಆ ವರ್ಷವೆಲ್ಲ ಮತ್ತೆ ಏಳುತ್ತಿರಲಿಲ್ಲ. ಆಕೆ ಹಲಗೆಯ ನಡುವೆ ಒಂದು ಗೆರೆ ಎಳೆದು, ಆ ಮಾತನ್ನು ಆಚೆಯ ಬದಿಗೆ ಬರೆದು, “ಇದೂ ಎರಡು ಮಾತು ಕೂಡಿದ್ದೇ, ಆದರೆ ಇಲ್ಲಿ ದೀರ್ಘ ಬರಲಿಲ್ಲ, ಬೇರೇನೋ ಬಂದಿತು. ಇಂಥವು ಇನ್ನೂ ಇವೆಯೇ?” ಎಂದು ಕೇಳಿದಳು. ಗಂಟೆ ಬಾರಿಸುವುದರೊಳಗೆ ಆ ಮಕ್ಕಳು ನಾಳಿನ ಪಾಠದ ಬಾಗಿಲಿಗೆ ಬಂದು ನಿಂತಿದ್ದರು.

ನನ್ನ ಗುರುಗಳು ನನಗೆ ಕೊಟ್ಟುದನ್ನು ನಾನು ಕಡಿಮೆಯೆನ್ನಲಾರೆ. ಆದರೆ ಅಂದು ಅವರೆದುರು ನಾವಿದ್ದವರು ನಾಲ್ವರು, ನಾಲ್ವರಿಗೂ ಸೂತ್ರದ ಮೇಲೆಯೇ ಆಸೆ. ಇಂದಿನ ತರಗತಿಯಲ್ಲಿ ಐವತ್ತು ಮಕ್ಕಳು. ಅವರಲ್ಲಿ ಆಸೆಯುಳ್ಳವರು ಕೆಲವರು, ಹಸಿದು ಬಂದವರು ಕೆಲವರು. ಆ ಗೆರೆಯನ್ನು ಎಳೆಯುವುದಕ್ಕೆ ವ್ಯಾಕರಣವೂ ಬರಬೇಕು, ಮಗುವಿನ ಮನಸ್ಸೂ ತಿಳಿಯಬೇಕು. ವ್ಯಾಕರಣವನ್ನು ಮೂರು ವರ್ಷ ಓದಿ ಮುಗಿಸಿ, ಮರೆಯುವ ಹೊತ್ತಿಗೆ ಬೋಧನಕ್ರಮವನ್ನು ಹಿಡಿಯುವುದಕ್ಕಿಂತ, ಎರಡನ್ನೂ ಒಂದೇ ಒರಳಿನಲ್ಲಿ ಅರೆಯುವುದು ಮೇಲೆಂದು ನನಗೆ ಅಂದು ತೋರಿತು.

ಹದಿನೇಳು ವರ್ಷದ ಹುಡುಗನು ತಾನು ಉಪಾಧ್ಯಾಯನೇ ಆಗುವೆನೆಂದು ನಿಶ್ಚಯಿಸಬಲ್ಲನೆ? ಈ ಆಕ್ಷೇಪವು ಸಾಧುವಾದುದೇ. ಬೇರೆ ಕೆಲಸ ಸಿಕ್ಕದಿದ್ದರೆ ಮಾಸ್ತರಿಕೆ ಎನ್ನುವವನು ಹಳೆಯ ದಾರಿಯನ್ನೇ ಹಿಡಿಯಲಿ. ಪದವಿ ಮುಗಿಯುವವರೆಗೆ ಯೋಚಿಸಲು ಅವನಿಗೆ ಅವಕಾಶವಿರುವುದು. ಮತ್ತೊಂದು ಎಚ್ಚರಿಕೆ. ಪದವಿಯಲ್ಲಿ ಓದಿದ ವಿಷಯವನ್ನು ನೋಡಿಯೇ ಮುಂದೆ ಹುದ್ದೆ ಕೊಡುವರು. ಗಣಿತದ ಮೇಷ್ಟ್ರಾಗುವ ಆಸೆಯಿಂದ ಸಸ್ಯಶಾಸ್ತ್ರವನ್ನು ಆರಿಸಿಕೊಂಡರೆ ಪ್ರಯೋಜನವಿಲ್ಲ. ಪದವಿ ಕೈಸೇರಿದೊಡನೆ ಕೆಲಸವೂ ಕೈಸೇರಿತೆಂದು ತಿಳಿಯಲಾಗದು. ಸರಕಾರದ ನೇಮಕಕ್ಕೆ ಸ್ಪರ್ಧಾಪರೀಕ್ಷೆ ಬೇರೆಯಾಗಿರುತ್ತದೆ. ಎಂಟನೆಯ ತರಗತಿಯವರೆಗೆ ಬೋಧಿಸುವ ಉಪಾಧ್ಯಾಯರಿಗೆ 2010ರಿಂದ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆಯೂ ಉಂಟು. ಅದರಲ್ಲಿ 150 ಪ್ರಶ್ನೆಗಳು, ಸಾಮಾನ್ಯವರ್ಗದವರು ನೂರಕ್ಕೆ 60ರಷ್ಟು ಅಂಕ ಪಡೆಯತಕ್ಕದ್ದು.

ಇನ್ನು ಹೇಳಲು ಕಷ್ಟವಾದ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ನಿಲಯದ ಹುಡುಗನೊಬ್ಬನು ಇದೇ ಪ್ರಶ್ನೆ ಕೇಳಿದಾಗ, ಹತ್ತಿರದ ಊರಿನ ಒಂದು ಕಾಲೇಜಿನಲ್ಲಿ ಸಂಯುಕ್ತ ಪದವಿ ಇರುವುದೆಂದು ಯಾರೋ ಹೇಳಿದ್ದನ್ನು ನಂಬಿ, “ಸೇರಪ್ಪಾ” ಎಂದೆನು. ಅವನ ತಂದೆ ಜೋಡೆತ್ತು ಮಾರಿ ಶುಲ್ಕ ಕಟ್ಟಿದನು. ನಾಲ್ಕು ವರ್ಷ ಓದಿದನು, ಒಳ್ಳೆಯ ಅಂಕ ಬಂದಿತು. ದಾಖಲೆ ಪರಿಶೀಲನೆಯ ದಿನ ತಿಳಿದುದೇನೆಂದರೆ, ಅವನು ಸೇರುವ ಮೊದಲೇ ಆ ಪಾಠಕ್ರಮದ ಮಾನ್ಯತೆಯು ರದ್ದಾಗಿದ್ದಿತು. 1993ರ ಪರಿಷತ್ತಿನ ಕಾಯಿದೆಯಲ್ಲಿ ಸ್ಪಷ್ಟವಾಗಿದೆ: ಮಾನ್ಯತೆ ಹಿಂತೆಗೆದುಕೊಂಡ ಬಳಿಕ ಅಲ್ಲಿ ಪಡೆದ ಅರ್ಹತೆಯು ಸರಕಾರದ ಅಥವಾ ಅನುದಾನಿತ ಶಾಲೆಯ ಉದ್ಯೋಗಕ್ಕೆ ಸಲ್ಲುವುದಿಲ್ಲ. ಅವನು ಊರಿಗೆ ಹೋಗದೆ ನೇರವಾಗಿ ನನ್ನಲ್ಲಿಗೆ ಬಂದನು. ಜಗಲಿಯ ಮೇಲೆ ಕುಳಿತು, “ಶಾಸ್ತ್ರಿಗಳೇ, ಅಪ್ಪನಿಗೆ ಏನು ಹೇಳಲಿ?” ಎಂದನು. ಉತ್ತರ ನನ್ನಲ್ಲಿರಲಿಲ್ಲ. ಅವನ ಜೊತೆಯಲ್ಲಿ ಅವನ ಊರಿಗೆ ನಾನೇ ಹೋದೆನು.

ಆದುದರಿಂದ ಹಣ ಕಟ್ಟುವ ಮೊದಲು ಪರಿಷತ್ತಿನ ಮಾನ್ಯತೆಯ ಆದೇಶವನ್ನು ಕೇಳಿ ಪಡೆದು ಓದಿರಿ. ಅದರಲ್ಲಿ ಕಾಲೇಜಿನ ಹೆಸರೊಂದೇ ಇದ್ದರೆ ಸಾಲದು. ನೀವು ಸೇರುವ ಪಾಠಕ್ರಮದ ಹೆಸರು, ಸೀಟುಗಳ ಸಂಖ್ಯೆ ಕಾಣಬೇಕು, ಅದು ಈ ವರ್ಷಕ್ಕೂ ಜಾರಿಯಲ್ಲಿರಬೇಕು. ವಿಶ್ವವಿದ್ಯಾನಿಲಯದ ಸಂಯೋಜನೆ ಬೇರೆ, ಪರಿಷತ್ತಿನ ಮಾನ್ಯತೆ ಬೇರೆ; ಎರಡೂ ಬೇಕು. ಗೋಡೆಯ ಮೇಲೆ ಬರೆದ ಬಣ್ಣದ ಅಕ್ಷರವನ್ನು ನಂಬಬೇಡಿರಿ, ನನ್ನಂತಹ ಶಾಸ್ತ್ರಿಗಳ ಮಾತನ್ನೂ ನಂಬಬೇಡಿರಿ.

ಆ ಹುಡುಗನು ಈಗ ಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಪ್ರತಿವರ್ಷ ಪ್ರವೇಶದ ಕಾಲದಲ್ಲಿ ಎರಡು ಭಾನುವಾರ ಇಲ್ಲಿಗೆ ಬಂದು, ನಿಲಯದ ಹುಡುಗರು ತಂದ ಕಾಲೇಜಿನ ಕಾಗದಗಳನ್ನು ಒಂದೊಂದಾಗಿ ಓದಿ ನೋಡುತ್ತಾನೆ. ಇವತ್ತೂ ಬಂದಿದ್ದಾನೆ, ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕುಳಿತಿದ್ದಾನೆ. ಪ್ರಸಾದವಾದ ಮೇಲೆ ಗ್ರಂಥಾಲಯದಲ್ಲಿರುವನು. ನಿಮ್ಮ ಅಂಕಪಟ್ಟಿಗಳನ್ನೂ ಕಾಗದಗಳನ್ನೂ ತೆಗೆದುಕೊಂಡು ಅಲ್ಲಿಗೆ ಬನ್ನಿರಿ.