ಮನೆಯ ಪಾಠ, ಊರಿನ ಕಣ್ಣು



1956ರ ನವೆಂಬರ್ 1ರಂದು ನಮ್ಮ ತಾಂಡೂರು ಪ್ರಾಂತವು ಗುಲಬರ್ಗಾ ಜಿಲ್ಲೆಯಿಂದ ಆಂಧ್ರಪ್ರದೇಶಕ್ಕೆ ಸೇರಿತು. 2014ರಲ್ಲಿ ತೆಲಂಗಾಣದ ಭಾಗವಾಯಿತು. ಎಲ್ಲೆಗಳು ಬದಲಾದರೂ ಯಾಲಾಲಿನ ಸುತ್ತಿನ ಮನೆಗಳಲ್ಲಿ ಕನ್ನಡದ ನುಡಿ ಆರಿಲ್ಲ. ಶಾಲೆಯಲ್ಲಿ ದೊರೆಯದ ಕನ್ನಡವನ್ನು ಮನೆಯಲ್ಲಿ ಕಲಿಸುವ ತಾಯಂದಿರಿಗೆ ನಮ್ಮ ವಂದನೆಗಳು.

ಈಚೆಗೆ ನಗರಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಪದ್ಧತಿ ಬೆಳೆಯುತ್ತಿದೆ. ಅದನ್ನು ನಾವು ಹಳಿಯುವುದಿಲ್ಲ. ನಮ್ಮ ಹಿರಿಯರು ಅಕ್ಷರ ಕಲಿತದ್ದೂ ಕೂಲಿಮಠಗಳಲ್ಲಿ. ಆದರೆ ಆ ಪಾಠ ನಡೆದದ್ದು ಗುಡಿಯ ಕಟ್ಟೆಯ ಮೇಲೆ, ಮನೆಯ ಜಗಲಿಯ ಮೇಲೆ. ಅಲ್ಲಿ ಬೆತ್ತದ ಏಟೂ ಇತ್ತು; ಊರ ಕಣ್ಣಿಗೆ ಅದು ಮರೆಯಾಗಿರಲಿಲ್ಲ. ಹುಡುಗನು ಎರಡು ದಿನ ಬಾರದಿದ್ದರೆ ಕೇಳುವವರಿದ್ದರು.

ಮುಚ್ಚಿದ ಬಾಗಿಲ ಹಿಂದಿನ ಮಗುವನ್ನು ಕೇಳುವವರಾರು? 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಹಾಜರಿ ಕರೆಯುವವರಿಲ್ಲದಾಯಿತು. ದೇಶದ ಹಲವೆಡೆ ಮಕ್ಕಳು ಕೂಲಿಗೆ ಹೋದರು. ಬಾಲೆಯರ ಮದುವೆಗಳೂ ನಡೆದವು. “ಮನೆಯಲ್ಲಿ ಓದುತ್ತಿದ್ದಾಳೆ” ಎಂಬ ಮಾತು ಮಗುವಿನ ಏಳಿಗೆಯ ಸುದ್ದಿಯೂ ಆಗಬಹುದು, ಅದರ ದುಃಖಕ್ಕೆ ಮುಸುಕೂ ಆಗಬಹುದು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಓದು ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದೂ ವಿಧಿಸಿದೆ. ಹಕ್ಕು ಮಗುವಿನದು, ತಾಯ್ತಂದೆಗಳು ಅದರ ಕಾವಲುಗಾರರು.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ನೆರೆಯ ಮಗು ಏನು ಓದುತ್ತಿದೆಯೆಂದು ವಿಚಾರಿಸಿರಿ, ಮಗುವನ್ನೇ ಮಾತನಾಡಿಸಿರಿ. ಅದು ಅಪಾಯದಲ್ಲಿದೆಯೆಂದು ತೋರಿದರೆ 1098ಕ್ಕೆ ದೂರವಾಣಿ ಮಾಡಿರಿ. ಕನ್ನಡದ ಸಂಜೆಪಾಠವನ್ನು ಒಳಮನೆಯಿಂದ ಜಗಲಿಗೆ ತನ್ನಿರಿ. ಮನೆಯು ಪಾಠಶಾಲೆಯಾಗಲಿ, ಅದರ ಕದ ಮಾತ್ರ ತೆರೆದಿರಲಿ.