ಎಪ್ಪತ್ತು ಅಕ್ಷರಗಳ ಕನ್ನಡ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಪರ್ಕ ಜಾಲಗಳ ಗುಣಮಟ್ಟ, ಭದ್ರತೆ ಮತ್ತು ವೆಚ್ಚ ಎಂಬ ವಿಷಯವನ್ನು ಕಾರ್ಯದರ್ಶಿಗಳು ನನಗೆ ವಹಿಸಿದಾಗ ಮೊದಲು ಅಳುಕಿದೆ. ಕಾವ್ಯ, ಯಕ್ಷಗಾನ, ಗಡಿ ಸಮಸ್ಯೆಗಳ ಚರ್ಚೆಗೆ ಒಗ್ಗಿಹೋದ ಈ ಸಭಾಗೃಹದಲ್ಲಿ ತಂತಿ ತರಂಗಗಳ ಮಾತು ಯಾರಿಗೆ ಬೇಕು ಎಂಬ ಸಂಶಯ. ಆದರೆ ಊರಿನಲ್ಲೇ ಉಳಿದವರಿಗಿಂತ ಊರು ಬಿಟ್ಟು ಬಂದ ನಾವೇ ದೂರವಾಣಿಯ ಮುಂದೆ ಹೆಚ್ಚು ಹೊತ್ತು ಕಾದು ಕುಳಿತವರಲ್ಲವೇ? ಆ ಧೈರ್ಯದ ಮೇಲೆ ಒಪ್ಪಿಕೊಂಡೆ. ನಾನು ವಿದ್ವಾಂಸನಲ್ಲ. ಮೂವತ್ತನಾಲ್ಕು ವರ್ಷ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕೆಟ್ಟದ್ದನ್ನು ದುರಸ್ತಿ ಮಾಡಿ ಹೊಟ್ಟೆ ಹೊರೆದವನು. ನನ್ನ ಮಾತೂ ಆ ಮಟ್ಟದ್ದೇ ಆಗಿರುತ್ತದೆ.

ಭಾರತದಲ್ಲಿ ಮಧ್ಯವರ್ತಿಯ ನೆರವಿಲ್ಲದೆ ಒಂದು ನಗರದಿಂದ ಇನ್ನೊಂದಕ್ಕೆ ನೇರವಾಗಿ ಕರೆ ಮಾಡುವ ಸೌಲಭ್ಯ 1960ರಲ್ಲಿ ಲಖನೌ ಮತ್ತು ಕಾನ್‌ಪುರಗಳ ನಡುವೆ ಆರಂಭವಾಯಿತು. ನಮ್ಮ ಸಣ್ಣ ಊರುಗಳನ್ನು ಅದು ತಲಪಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ನಮಗಿದ್ದದ್ದು ಟ್ರಂಕ್ ಕಾಲ್. ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳು. ದರ್ಜೆ ಏರಿದಂತೆ ದರವೂ ಏರುತ್ತಿತ್ತು. ಬೆಳಿಗ್ಗೆ ಕಾದಿರಿಸಿದ ಕರೆ ಸಂಜೆಗೆ ದೊರೆತರೆ ಪುಣ್ಯ. ದೊರೆತ ಮೇಲೆ, ಉಡುಪಿಯ ಅಣ್ಣನೊಡನೆ ಮಾತನಾಡಲು ಇಡೀ ಚಾಳಿಗೆ ಕೇಳುವಂತೆ ಕಿರುಚಬೇಕಿತ್ತು. ನಡುವೆ ಕುಳಿತ ಆಪರೇಟರಿಗೂ ನಮ್ಮ ಮನೆಯ ಗುಟ್ಟು ತಿಳಿಯುತ್ತಿತ್ತು. ಗುಣಮಟ್ಟವಿಲ್ಲ, ಗೋಪ್ಯತೆಯಿಲ್ಲ, ವೆಚ್ಚ ಮಾತ್ರ ಬೇಕಾದಷ್ಟು. ಹೀಗಾಗಿ ತುರ್ತಿಗೆಲ್ಲ ತಂತಿಯೇ ಗತಿ. ತಂತಿಗೆ ಪದದ ಲೆಕ್ಕದಲ್ಲಿ ಹಣ. ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ’ ಎಂಬ ನಾಲ್ಕು ಪದಗಳನ್ನು ಓದಿಸಿಕೊಳ್ಳಲು ನೆರೆಮನೆಯವರ ಬಾಗಿಲು ತಟ್ಟಿದ ಹಿರಿಯರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆ ಬಾಗಿಲು ತಟ್ಟುವಿಕೆ ನಿಂತಿದೆಯೇ ಎಂಬುದನ್ನು ಮುಂದೆ ನೋಡೋಣ.

ಈ ಪರಿಸ್ಥಿತಿ ಬದಲಾದ ಕಥೆಯಲ್ಲಿ ಕರ್ನಾಟಕದ ಒಂದು ಊರಿನ ಹೆಸರನ್ನು ಸ್ಮರಿಸಲೇಬೇಕು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಪೋರ್ಟುಗಳ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ವಿದೇಶೀ ಯಂತ್ರಗಳಿಗೆ ಹವಾನಿಯಂತ್ರಿತ ಕೊಠಡಿಯ ಆರೈಕೆ ಬೇಕಿತ್ತು. ಇದಕ್ಕೆ ಬೇಕಿರಲಿಲ್ಲ, ಧೂಳು, ಸೆಕೆಗಳನ್ನು ತಾಳಿಕೊಂಡು ನಡೆಯುವಂತೆ ಅದನ್ನು ಕಟ್ಟಿದ್ದರು. ನನ್ನಂಥ ದುರಸ್ತಿಗಾರರಿಗೆ ಆ ಪೆಟ್ಟಿಗೆಯ ಮೇಲೆ ವಿಶೇಷ ಗೌರವ. ಬಳಸುವವನು ಎಲ್ಲಿದ್ದಾನೆ, ಅವನ ಊರಿನ ಗಾಳಿ ಎಂಥದು ಎಂದು ಮೊದಲು ಕೇಳಿ, ಆಮೇಲೆ ಯಂತ್ರ ಮಾಡಿದವರು ಅವರು.

ಇನ್ನು ಗುಣಮಟ್ಟದ ವಿಷಯ. ಅಂಕೀಯ ವಿನಿಮಯ ಕೇಂದ್ರವು ನಮ್ಮ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆಯುತ್ತದೆ. ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಹೀಗೆ ಸೆಕೆಂಡಿಗೆ 64,000 ಬಿಟ್‌ಗಳು. 1995ರಲ್ಲಿ ನಮ್ಮಲ್ಲಿ ಬಂದ ಮೊಬೈಲ್ ಸೇವೆ ಆಕಾಶದಲ್ಲಿ ಜಾಗ ಉಳಿಸಲೆಂದು ಅದೇ ದನಿಯನ್ನು 13,000 ಬಿಟ್‌ಗಳಿಗೆ ಹಿಂಡಿತು. ಸಾಂಪ್ರದಾಯಿಕ ದೂರವಾಣಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸ್ವರಗಳಿಗೆ ಮಾತ್ರ ಪ್ರವೇಶ. ‘ಸ’ಕಾರದ ಸಿಳ್ಳಿನ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ‘ಸ’ ಮತ್ತು ಇಂಗ್ಲಿಷಿನ ‘ಫ’ಗಳು ದೂರವಾಣಿಯಲ್ಲಿ ಒಂದೇ ಬಗೆಯಾಗಿ ಕೇಳುತ್ತವೆ. ಹೆಸರು ಹೇಳುವಾಗ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುವ ಅಭ್ಯಾಸ ನಮಗೆ ಬಂದದ್ದಕ್ಕೆ ಇದೂ ಒಂದು ಕಾರಣ. ನಾಲ್ಕನೆಯ ಪೀಳಿಗೆಯ ಜಾಲಗಳಲ್ಲಿ ಈ ಮಿತಿ ಸುಮಾರು 7,000 ಹರ್ಟ್ಜ್‌ಗೆ ಏರಿತು. ಊರಿನ ತಂಗಿಯ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸತೊಡಗಿದ್ದು ಆಗ.

ದನಿಯ ನಂತರ ಚಿತ್ರ. ಮೊಮ್ಮಗುವಿನ ಮುಖವನ್ನು ಅಂಗೈಯಲ್ಲಿ ನೋಡುತ್ತಿರುವ ಅಜ್ಜಿಯರು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಇಂಜಿನಿಯರನ್ನು ನೆನೆಯಬೇಕು. 1940ರಲ್ಲಿ ಜನಿಸಿ, ಅಲ್ಲಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕೆಗೆ ಹೋದ ನಾಸಿರ್ ಅಹ್ಮದ್ ಅವರು. ಕಾನ್ಸಾಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಿ ಬರೆಯುವ ಒಂದು ವಿಧಾನದ ಬಗ್ಗೆ ಸಂಶೋಧನೆ ಮಾಡಲು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವನ್ನು ಕೇಳಿದರು. ವಿಚಾರ ತೀರ ಸರಳವಾಯಿತೆಂಬ ಕಾರಣಕ್ಕೆ ನೆರವು ಸಿಗಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆಗೂಡಿ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಮುಖ್ಯವಾದ ದಪ್ಪ ಛಾಯೆಗಳನ್ನು ಉಳಿಸಿಕೊಂಡು, ಕಣ್ಣು ಗಮನಿಸದ ನವುರು ವಿವರಗಳನ್ನು ಬಿಟ್ಟುಬಿಡಲು ಈ ಗಣಿತ ಅನುವು ಮಾಡಿಕೊಟ್ಟಿತು. ಜೆಪೆಗ್ ಚಿತ್ರಗಳೂ ಎಂಪೆಗ್ ಚಲನಚಿತ್ರಗಳೂ ಇದರ ಮೇಲೆಯೇ ನಿಂತವು. ಗುಣಮಟ್ಟ ಹೆಚ್ಚು ಕೆಡದಂತೆ ವೆಚ್ಚವನ್ನು ಹೇಗೆ ಇಳಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಏನನ್ನು ಬಿಟ್ಟರೆ ನಷ್ಟವಿಲ್ಲ ಎಂಬುದನ್ನು ನೋಡುವ ಕಣ್ಣಿನ ಸ್ವಭಾವದಿಂದಲೇ ಅವರು ತೀರ್ಮಾನಿಸಿದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ವೆಚ್ಚದ ಕಥೆ ನಿಮಗೆಲ್ಲ ಗೊತ್ತಿರುವುದೇ. 1995ರಲ್ಲಿ ಮೊಬೈಲ್ ಕರೆಗೆ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೆ ದರವಿತ್ತು. ಬಂದ ಕರೆಗೂ ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2016ರ ಬಳಿಕ ಮಾತಿಗೆ ಪ್ರತ್ಯೇಕ ಬೆಲೆ ಎಂಬುದೇ ಬಹುಮಟ್ಟಿಗೆ ಮಾಯವಾಗಿ, ದತ್ತಾಂಶದ ದರವೂ ಕುಸಿಯಿತು. 2024ರಲ್ಲಿ ಖಾಸಗಿ ಕಂಪೆನಿಗಳು ಮತ್ತೆ ದರ ಏರಿಸಿದಾಗ ನಾವು ಗೊಣಗಿದೆವು, ನಿಜ. ಆದರೆ ಎಸ್‌ಟಿಡಿ ಬೂತಿನ ಮುಂದೆ ಕಾಲು ದರಕ್ಕಾಗಿ ರಾತ್ರಿಯೆಲ್ಲ ನಿಂತವರು ಹೆಚ್ಚು ಗೊಣಗುವಂತಿಲ್ಲ.

ಅಗ್ಗವಾದದ್ದು ನಮಗೆ ಮಾತ್ರವಲ್ಲ. ನಿಮಿಷಕ್ಕೆ ಹದಿನಾರು ರೂಪಾಯಿ ಇದ್ದಾಗ ಯಾವ ವಂಚಕನೂ ದಿನಕ್ಕೆ ಐನೂರು ಅಪರಿಚಿತರಿಗೆ ಕರೆ ಮಾಡುತ್ತಿರಲಿಲ್ಲ. ಜಾಲಗಳು ಒಂದಕ್ಕೊಂದು ಸಂದೇಶ ಕಳುಹಿಸಿಕೊಳ್ಳುವ ಹಳೆಯ ಸಂಕೇತ ಪದ್ಧತಿ ರೂಪುಗೊಂಡದ್ದು ಕೆಲವೇ ಸರಕಾರಿ ಇಲಾಖೆಗಳೂ ದೊಡ್ಡ ಕಂಪೆನಿಗಳೂ ಪರಸ್ಪರ ನಂಬಿಕೊಂಡಿದ್ದ ಕಾಲದಲ್ಲಿ. ಬಂದವನು ಯಾರೆಂದು ಕೇಳುವ ರೂಢಿ ಅದಕ್ಕಿರಲಿಲ್ಲ. 2017ರಲ್ಲಿ ಜರ್ಮನಿಯಲ್ಲಿ ಇದೇ ದೌರ್ಬಲ್ಯವನ್ನು ಬಳಸಿ ಗ್ರಾಹಕರ ಬ್ಯಾಂಕ್ ಸಂದೇಶಗಳನ್ನು ದಾರಿಯಲ್ಲೇ ತಿರುಗಿಸಿಕೊಂಡು ಖಾತೆಗಳಿಂದ ಹಣ ಎತ್ತಿದರು. ಇನ್ನೊಂದೆಡೆ, ವಾಟ್ಸ್‌ಆಪ್ 2016ರಲ್ಲಿ ತನ್ನ ಎಲ್ಲ ಸಂದೇಶಗಳಿಗೂ ತುದಿಯಿಂದ ತುದಿಯವರೆಗಿನ ಗೂಢಲಿಪಿಯನ್ನು ಅಳವಡಿಸಿತು. ನಡುದಾರಿಯಲ್ಲಿ ಓದುವವರಿಗೆ ಅದು ಒಳ್ಳೆಯ ಬೀಗ. ಆದರೆ ಇನ್ನೊಂದು ತುದಿಯಲ್ಲಿ ಕುಳಿತವನೇ ಕಳ್ಳನಾದರೆ ಬೀಗ ಏನು ಮಾಡೀತು? ಹೀಗೆ ಭದ್ರತೆಯ ಕೊನೆಯ ಹೊಣೆ ವಿನಿಮಯ ಕೇಂದ್ರದಿಂದ ಜಾರಿ ಫೋನು ಹಿಡಿದ ಕೈಗೆ ಬಂದಿದೆ.

ಆ ಕೈ ಯಾರದು ಎಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ನಮ್ಮ ಕಟ್ಟಡದ ಹಿರಿಯ ಮಹಿಳೆಯೊಬ್ಬರು, ಗಂಡನ ಪಿಂಚಣಿಯ ಮೇಲೆ ಬದುಕುವವರು. ನಲವತ್ತು ವರ್ಷ ಮುಂಬಯಿಯಲ್ಲಿದ್ದು ಮಾರುಕಟ್ಟೆಯ ಮರಾಠಿ ಮಾತನಾಡಬಲ್ಲರು. ಓದಬಲ್ಲದ್ದು ಕನ್ನಡ ಒಂದನ್ನೇ. ಒಂದು ಮಧ್ಯಾಹ್ನ ಅವರಿಗೆ ಕರೆ ಬಂತು. ಖಾತೆ ಸ್ಥಗಿತವಾಗುತ್ತಿದೆ, ಈಗ ಬರುವ ಆರು ಅಂಕಿಗಳನ್ನು ಓದಿ ಹೇಳಿ ಅಮ್ಮ, ಎಂದ ಆ ಮನುಷ್ಯ. ಅವನು ಮಾತನಾಡಿದ್ದು ಅಚ್ಚ ಕನ್ನಡದಲ್ಲಿ. ಎಷ್ಟೋ ದಿನಗಳ ಮೇಲೆ ಬ್ಯಾಂಕಿನವರು ತನ್ನ ಭಾಷೆಯಲ್ಲಿ ಮಾತನಾಡಿಸಿದರೆಂಬ ಸಂತೋಷದಲ್ಲಿ ಅವರು ಅಂಕಿಗಳನ್ನು ಓದಿಬಿಟ್ಟರು. ಅದೇ ಸಂದೇಶದಲ್ಲಿ, ಅಂಕಿಗಳ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ, ಬ್ಯಾಂಕು ಎಂದೂ ಇದನ್ನು ಕೇಳುವುದಿಲ್ಲ ಎಂಬ ಎಚ್ಚರಿಕೆಯಿತ್ತು. ಇಂಗ್ಲಿಷಿನಲ್ಲಿತ್ತು. ಸಂಜೆ ನನ್ನ ಬಾಗಿಲು ತಟ್ಟಿ ಫೋನನ್ನು ನನ್ನ ಕೈಗಿತ್ತು, ‘ಇದರಲ್ಲಿ ಏನು ಬರೆದಿದೆ, ನೋಡಿ ಹೇಳಿ’ ಎಂದರು.

ಬಂಧುಗಳೇ, ಕಳ್ಳನಿಗೆ ಬಂದ ಕನ್ನಡ ಬ್ಯಾಂಕಿಗೆ ಏಕೆ ಬರಲಿಲ್ಲ? ಬರಿಯ ಅಸಡ್ಡೆ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ನನ್ನ ವೃತ್ತಿಯ ಅಭ್ಯಾಸದಂತೆ ದೋಷ ಎಲ್ಲಿದೆಯೆಂದು ಹುಡುಕಿದೆ. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 1,120 ಬಿಟ್‌ಗಳು. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಇಂಜಿನಿಯರು ಬೆರಳಚ್ಚು ಯಂತ್ರದ ಮುಂದೆ ಕುಳಿತು, ತೋಚಿದ ವಾಕ್ಯಗಳನ್ನೆಲ್ಲ ಬರೆದು ಎಣಿಸಿ, ಸಾಮಾನ್ಯ ಸಂದೇಶಕ್ಕೆ 160 ಅಕ್ಷರಗಳು ಸಾಕೆಂದು ಕಂಡುಕೊಂಡರು. ರೋಮನ್ ಲಿಪಿಯ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಯುತ್ತವೆ. ಕನ್ನಡದಂಥ ಲಿಪಿಗೆ ಅಕ್ಷರಕ್ಕೆ 16 ಬಿಟ್ ಎಂದು ನಿಗದಿಯಾಯಿತು. ಆದ್ದರಿಂದ 70 ಮಾತ್ರ. ಅದೂ ನಮ್ಮ ಎಣಿಕೆಯ ಅಕ್ಷರಗಳಲ್ಲ. ‘ಕನ್ನಡ’ ಎಂಬುದು ನಮಗೆ ಮೂರಕ್ಷರ. ಯಂತ್ರಕ್ಕೆ ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ ಎಂದು ಐದು. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂಬ ಪುಟ್ಟ ವಾಕ್ಯದಲ್ಲಿ ನಮ್ಮ ಲೆಕ್ಕಕ್ಕೆ ಹನ್ನೆರಡು ಅಕ್ಷರಗಳು, ಯಂತ್ರದ ಲೆಕ್ಕಕ್ಕೆ ಖಾಲಿ ಸ್ಥಳವೂ ಸೇರಿ ಇಪ್ಪತ್ತೆಂಟು. ಎಪ್ಪತ್ತು ಮೀರಿದರೆ ಸಂದೇಶವು 67ರ ತುಂಡುಗಳಾಗಿ ಒಡೆಯುತ್ತದೆ. ಪ್ರತಿ ತುಂಡಿಗೂ ಕಳುಹಿಸುವವನು ಬೇರೆ ಬೇರೆ ಹಣ ತೆರಬೇಕು. ಇಂಗ್ಲಿಷಿನಲ್ಲಿ ಒಂದಕ್ಕೆ ಮುಗಿಯುವುದು ಕನ್ನಡದಲ್ಲಿ ಎರಡೋ ಮೂರೋ ಆಗುತ್ತದೆ. ಕೋಟಿಗಟ್ಟಲೆ ಸಂದೇಶ ಕಳುಹಿಸುವ ಸಂಸ್ಥೆಯ ಲೆಕ್ಕಿಗನಿಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ಅಂಚೆ ಕಾರ್ಡಿಗೆ ಈ ಭೇದವಿರಲಿಲ್ಲ. ಯಾವ ಲಿಪಿಯಲ್ಲಿ ಗೀಚಿದರೂ ಒಂದೇ ಬೆಲೆ.

ಇದು ನಿವಾರಿಸಲಾಗದ ದೋಷವೂ ಅಲ್ಲ. ಕನ್ನಡದ ಅಕ್ಷರಗಳನ್ನೂ 7 ಬಿಟ್‌ಗಳಲ್ಲಿ ಬರೆಯುವ ಕೋಷ್ಟಕ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿ ದಶಕಕ್ಕಿಂತ ಹೆಚ್ಚಾಗಿದೆ. ಅದನ್ನು ಬಳಸಿದರೆ ಒಂದೇ ಸಂದೇಶದಲ್ಲಿ ಎಪ್ಪತ್ತರ ಎರಡರಷ್ಟು ಹಿಡಿಯುತ್ತದೆ. ಆದರೆ ಫೋನು, ಜಾಲ, ಕಳುಹಿಸುವ ಸಂಸ್ಥೆ ಮೂರೂ ಒಟ್ಟಾಗಿ ಒಪ್ಪಿ ಜಾರಿಗೆ ತರಬೇಕು. ಬಳಕೆಯಲ್ಲಿ ನಾನು ಕಂಡದ್ದು ಎಪ್ಪತ್ತರ ಲೆಕ್ಕವನ್ನೇ. ಇನ್ನು ಫೋನುಗಳು ಕನ್ನಡವನ್ನು ತೋರಿಸಲಾರವು ಎಂಬ ನೆಪಕ್ಕೆ ಜಾಗವಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಸಂದೇಶಗಳನ್ನೂ ಓದಲು ಬರುವಂತಿರಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಆದೇಶ ಹೊರಡಿಸಿತ್ತು. ಕಿಟಕಿ ತೆರೆದಿದೆ, ಕಳುಹಿಸುವವರಿಲ್ಲ.

ಹೊರನಾಡಿನ ನಮ್ಮ ಪಾಲಿಗೆ ಇನ್ನೊಂದು ತೊಡಕಿದೆ. ದೂರವಾಣಿ ಸೇವೆಗಳು ವೃತ್ತಗಳಾಗಿ ವಿಭಜಿತವಾಗಿವೆ. ಬಹುಮಟ್ಟಿಗೆ ಅವು ರಾಜ್ಯಗಳ ಗಡಿಗಳನ್ನೇ ಅನುಸರಿಸುತ್ತವೆ. ಸಹಾಯವಾಣಿಗೆ ಕರೆ ಮಾಡಿದರೆ ಭಾಷೆಯ ಆಯ್ಕೆಗಳು ವೃತ್ತಕ್ಕೆ ತಕ್ಕವು, ಮನುಷ್ಯನಿಗೆ ತಕ್ಕವಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಮರಾಠಿ ವೃದ್ಧರಿಗೂ ಇದೇ ಕಷ್ಟ. ನಮಗೆ ಅನ್ನವಿತ್ತ ನೆಲದ ಭಾಷೆಯ ಮೇಲೆ ನಮ್ಮ ದೂರಿಲ್ಲ. ಬಳಸುವವರು ತಮ್ಮ ಭಾಷೆಯನ್ನು ಒಮ್ಮೆ ತಿಳಿಸಿದರೆ ಯಂತ್ರಕ್ಕೆ ಅದನ್ನು ನೆನಪಿಡುವುದು ಅರೆ ನಿಮಿಷದ ಕೆಲಸ. ಕಿತ್ತೂರಿನ ಪೆಟ್ಟಿಗೆ ಮಾಡಿದವರು ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಹ್ಮದರು ನೋಡುವ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡರು. ಇಲ್ಲಿ ವೆಚ್ಚ ಉಳಿಸಲೆಂದು ಬಿಟ್ಟದ್ದು ಓದುವವರಿಗೆ ಅತ್ಯಗತ್ಯವಾದ ಒಂದು ಸಾಲನ್ನೇ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಮಕ್ಕಳಿಗೆ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆದು ಕಳುಹಿಸುತ್ತಿರುವವರು ನಾವೇ. ಬೆಳಗಾದರೆ ಗುಲಾಬಿಯ ಚಿತ್ರದೊಡನೆ ಶುಭೋದಯ ಹೇಳುವವರೂ ನಾವೇ. ಅಂಥ ಒಂದು ಚಿತ್ರ ನೂರು ಕಿಲೋಬೈಟ್ ಇದ್ದರೂ ಅದರ ತೂಕದಲ್ಲಿ ಏಳು ನೂರು ಎಸ್‌ಎಂಎಸ್‌ಗಳು ಹೋಗಬಹುದು. ಗುಲಾಬಿಗೆ ಇರುವ ಜಾಗ ಕನ್ನಡದ ಒಂದು ವಾಕ್ಯಕ್ಕಿಲ್ಲ ಎಂದರೆ ನಂಬುವುದು ಹೇಗೆ?

ನಮ್ಮ ಕಟ್ಟಡದ ಆ ತಾಯಿಯ ಹಣದಲ್ಲಿ ಸ್ವಲ್ಪ ಭಾಗ ಮರಳಿ ಬಂತು. ಅಂದೇ ಸಂಜೆ 1930ಕ್ಕೆ ಕರೆ ಮಾಡಿದ್ದರಿಂದ. ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಂಖ್ಯೆ ಅದು. ಮೊದಲ ಕೆಲವು ಗಂಟೆಗಳೊಳಗೆ ತಿಳಿಸಿದರೆ, ಹಣ ಮುಂದೆ ಸಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆಯಿದೆ. ಈ ನಾಲ್ಕು ಅಂಕಿಗಳನ್ನು ಮನೆಯ ಗೋಡೆಯ ಮೇಲೆ ಕನ್ನಡದ ಅಂಕಿಗಳಲ್ಲೂ ಬರೆದಿಡಿ.

ಸಂಘದ ಮುಂದೆ ಎರಡು ವಿನಂತಿಗಳಿವೆ. ಪ್ರತಿ ಭಾನುವಾರ ಗ್ರಂಥಾಲಯ ತೆರೆದಿರುವ ಎರಡು ಗಂಟೆಗಳ ಕಾಲ, ಬಂದ ಸಂದೇಶಗಳನ್ನು ಹಿರಿಯರಿಗೆ ಓದಿ ಹೇಳಲು ಇಬ್ಬರು ತರುಣರು ಅಲ್ಲಿ ಕುಳಿತಿರಲಿ. ಪಾಳಿಯ ಪಟ್ಟಿಯನ್ನು ನಾನು ಬರೆದು ತಂದಿದ್ದೇನೆ, ಹೆಸರುಗಳು ಖಾಲಿಯಿವೆ. ಎರಡನೆಯದು, ಗ್ರಾಹಕರು ಆಯ್ದ ಭಾಷೆಯಲ್ಲಿಯೇ ಎಚ್ಚರಿಕೆಯ ಸಾಲು ಬರಬೇಕೆಂದೂ, ಭದ್ರತೆಯ ಸಂದೇಶಗಳಿಗೆ ತುಂಡುಗಳ ಲೆಕ್ಕದಲ್ಲಿ ಹಣ ವಸೂಲು ಮಾಡಬಾರದೆಂದೂ ಕೋರಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಬರೆಯಬೇಕಾದ ಪತ್ರ. ಅದರ ಕರಡು ಕಾರ್ಯದರ್ಶಿಗಳ ಬಳಿಯಿದೆ. ಇಂಗ್ಲಿಷಿನಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು ಪ್ರತಿ. ಚಹಾದ ವೇಳೆಗೆ ಓದಿ, ತಿದ್ದುವುದಿದ್ದರೆ ತಿದ್ದಿ, ಸಹಿ ಹಾಕಿ ಹೋಗಬೇಕೆಂದು ಪ್ರಾರ್ಥನೆ.